ಒಂದು ಪಾಯಿಂಟ್ ಸೊನ್ನೆ ನಾಲ್ಕು

ಪುಣೆ
11 ಫೆಬ್ರವರಿ 2000

ವನಿತಾ,

ನೀನು ಇಲ್ಲಿಂದ ಹೋಗಿ ಮೂರು ವರ್ಷ ನಾಲ್ಕು ತಿಂಗಳಾಯಿತು. ಅಷ್ಟು ದಿನದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಹಾಲ್ಕುರಿಕೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೀಯೆಂದು ಅಬ್ಬಾ ಫೋನಿನಲ್ಲಿ ಹೇಳಿದ್ದರು. ಆ ವಿಳಾಸಕ್ಕೇ ಹಾಕುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ತಪ್ಪು ನಿನ್ನದಾಗಿರಲಿಲ್ಲ. ನನ್ನದು.

ನಮ್ಮ ಸಂಶೋಧನಾ ಕೇಂದ್ರದಲ್ಲಿ ಹಳೆಯ ಫೋರ್ಟ್ರಾನ್ ಪ್ರೋಗ್ರಾಮುಗಳನ್ನು ಬಿಟ್ಟು 'ರೂಟ್' ಎಂಬ ಹೊಸ ಸಾಫ್ಟ್‌ವೇರಿಗೆ ಹೋಗುತ್ತಿದ್ದೇವೆ. ನೀನಿದ್ದಾಗ 'ಪಾ' ಎಂಬ ಹಳೆಯ ಸಾಫ್ಟ್‌ವೇರಿನಲ್ಲಿ ಗ್ರಾಫ್ ಬಿಡಿಸುತ್ತಿದ್ದೆವಲ್ಲ, ಆ ಕೆಲಸವನ್ನೆಲ್ಲ ಈಗ ಇದು ಮಾಡುತ್ತದೆ. ಟೇಪಿನಲ್ಲಿ ದಾಖಲಾಗಿರುವ ಕಣಗಳ ಲಕ್ಷಾಂತರ ಡಿಕ್ಕಿಗಳನ್ನು ಓದಿ, ನಮಗೆ ಬೇಕಾದ ಕಣಗಳನ್ನು ಆರಿಸಿ, ಯಾವ ತೂಕದವು ಎಷ್ಟಿವೆಯೆಂದು ಚಿತ್ರ ಬಿಡಿಸಿ ಕೊಡುತ್ತದೆ. ಆದರೆ ಎಲ್ಲವನ್ನೂ ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆಯಬೇಕು. ಇವತ್ತು ಬೆಳಿಗ್ಗೆ ನಾನು 95ರಲ್ಲಿ ಬರೆದಿದ್ದ ತಿದ್ದುಪಡಿಯ ತುಣುಕನ್ನು ಸಾಲು ಸಾಲಾಗಿ ತಿರುಗಿಸುತ್ತಿದ್ದೆ. ಈ ಭಾಷೆಯಲ್ಲಿ ಪ್ರತಿ ಹೆಸರಿಗೂ ಇದು ಪೂರ್ಣಾಂಕವೋ ದಶಮಾಂಶವೋ ಎಂದು ಮೊದಲೇ ಹೇಳಬೇಕು. ಹೇಳುತ್ತಾ ಹೇಳುತ್ತಾ ನಿಮ್ಮವ್ವನ ಸಾಲಿಗೆ ಬಂದೆ.

ನೆನಪಿದೆಯಾ? ಡಿಟೆಕ್ಟರಿನ ಪಶ್ಚಿಮದ ಅರ್ಧ ಭಾಗ ಶಕ್ತಿಯನ್ನು ನೂರಕ್ಕೆ ನಾಲ್ಕರಷ್ಟು ಕಡಿಮೆ ತೋರಿಸುತ್ತಿತ್ತು. ಅದನ್ನು ತುಂಬಿಸಲು 1.04ರಿಂದ ಗುಣಿಸಬೇಕಿತ್ತು. ಆ ವರ್ಷ ರಜೆಗೆ ನಿಮ್ಮ ಹಟ್ಟಿಗೆ ಬಂದಿದ್ದೆನಲ್ಲ, ನಾನು ಸಾಕು ಸಾಕೆಂದರೂ ನಿಮ್ಮವ್ವ ಕ್ಯಾತಮ್ಮ 'ಸೊರಗೋಗವ್ಳೆ ಕಣೇ ಈ ಮಗಾ' ಎನ್ನುತ್ತಾ ತಟ್ಟೆಗೆ ಇನ್ನೊಂದು ಅರ್ಧ ಮುದ್ದೆ ಹಾಕಿದ್ದರು. ಕಡಿಮೆ ಬಿದ್ದದ್ದನ್ನು ತುಂಬುವ ಸಂಖ್ಯೆಗೆ ಅವರ ಹೆಸರನ್ನೇ ಇಟ್ಟಿದ್ದೆ. ಫೋರ್ಟ್ರಾನಿನಲ್ಲಿ ಆರೇ ಅಕ್ಷರಕ್ಕೆ ಜಾಗ. ಕೆ ವೈ ಎ ಟಿ ಎ ಎಂ. ನೀನು ನಕ್ಕಿದ್ದೆ.

ಐನಿಂದ ಎನ್‌ವರೆಗಿನ ಅಕ್ಷರದಿಂದ ಹೆಸರು ಶುರುವಾದರೆ, ಬೇರೆ ಹೇಳದ ಹೊರತು ಫೋರ್ಟ್ರಾನ್ ಅದನ್ನು ಪೂರ್ಣಾಂಕವೆಂದೇ ತಿಳಿಯುತ್ತದೆ. ಕೆ, ವನಿತಾ. ಕೆ. ನಾನು ಬೇರೆ ಹೇಳಿರಲಿಲ್ಲ. ಬಿಂದುವಿನ ಆಚೆಯದೆಲ್ಲ ಬಿದ್ದುಹೋಗಿ ಬರೀ ಒಂದು ಉಳಿದಿತ್ತು. ಐದು ವರ್ಷದಿಂದ ನಾವು ಒಂದರಿಂದ ಗುಣಿಸುತ್ತಿದ್ದೇವೆ!

ಪಶ್ಚಿಮದ ಡಿಕ್ಕಿಗಳೆಲ್ಲ ಸ್ವಲ್ಪ ಕೆಳಗೆ ಸರಿದು, ಗ್ರಾಫಿನಲ್ಲಿ ಒಂದೇ ಕಣದ ಒಂದೇ ದಿಬ್ಬ ಎರಡಾಗಿ ಕಂಡಿದೆ. ಹೊಸ ಕಣದ ಸುಳಿವು ಎಂದು ನಾವು ಪ್ರಬಂಧ ಬರೆದ ಆ ಎರಡನೆಯ ದಿಬ್ಬ ಇಲ್ಲವೇ ಇಲ್ಲ. ನೀನು ಬೇರೆಯಾಗಿ ಬರೆದ ಪ್ರೋಗ್ರಾಮಿನಲ್ಲಿ ಅದು ಬರಲಿಲ್ಲ. ನಿನಗೆ ಕೆಲಸ ಬರುವುದಿಲ್ಲ ಎಂದು ಮನೆಗೆ ಕಳಿಸಿದರು.

ಆ ದಿನ ಮೀಟಿಂಗಿನಲ್ಲಿ ಪ್ರೊಫೆಸರ್ ನನ್ನ ಕಡೆ ತಿರುಗಿ ಯಾರದು ಸರಿ ಎಂದು ಕೇಳಿದರು. 'ವನಿತಾದೇ ತಪ್ಪಿರಬೇಕು ಸಾರ್, ನನ್ನದನ್ನ ಮೂರು ಸಲ ನೋಡಿದ್ದೀನಿ' ಎಂದೆ. ನೋಡಿರಲಿಲ್ಲ ವನಿತಾ. ಒಂದು ಸಲವೂ ನೋಡಿರಲಿಲ್ಲ.

ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ನಿನಗೆ ಗೊತ್ತಾಗಲಿ ಎಂದು ಬರೆದೆ.

ಫರ್ಹಾ


ಹಾಲ್ಕುರಿಕೆ
26 ಫೆಬ್ರವರಿ 2000

ಫರ್ಹಾ,

ನಿನ್ನ ಪತ್ರ ಸ್ಟಾಫ್ ರೂಮಿನಲ್ಲಿ ಸಿಕ್ಕಿತು. ಎರಡು ಸಲ ಓದಿದೆ. ನೀನು ಹೀಗೆ ನಾಟಕ ಮಾಡಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ಕೆ ಅಕ್ಷರದ ವಿಷಯ ನಾನು ನಿನಗೆ 1997ರ ಜೂನ್ ಒಂಬತ್ತನೇ ತಾರೀಖು ಬರೆದಿದ್ದೆ. ರಿಜಿಸ್ಟರ್ ಮಾಡಿಸಿದ್ದೆ. ನೀನು ಸಹಿ ಹಾಕಿ ತೆಗೆದುಕೊಂಡ ಕಾರ್ಡು ವಾಪಸ್ ಬಂದು ನನ್ನ ಪೆಟ್ಟಿಗೆಯಲ್ಲಿದೆ. ಅದರ ಮೇಲಿರುವುದು ನಿನ್ನ ಸಹಿಯೇ. ತಿಪಟೂರಿನ ಕಾಲೇಜಿನ ದಿನಗಳಿಂದ ಆ ಸಹಿಯನ್ನು ನೋಡಿದ್ದೇನೆ.

ಅದಾದ ವರ್ಷಕ್ಕೆ ಅದೇ ದಿಬ್ಬದ ಮೇಲೆ ನಿನಗೆ ಡಾಕ್ಟರೇಟ್ ಬಂತು. ಈಗ ಹೊಸದಾಗಿ ಗೊತ್ತಾದಂತೆ ಬರೆದಿದ್ದೀಯ. ನಾನು ಏನೆಂದು ನಂಬಲಿ?

ವನಿತಾ ಜೆ.


ಪುಣೆ
8 ಮಾರ್ಚ್ 2000

ವನಿತಾ,

ನಿನ್ನ ಪತ್ರ ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಾಸ್ಟೆಲಿನ ಹುಡುಗಿಯರು ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದರು.

ನಿಜ ಹೇಳುತ್ತೇನೆ. ನಂಬುವುದು ಬಿಡುವುದು ನಿನ್ನದು. ಆ ಪತ್ರ ಬಂದಿತ್ತು. ಸಹಿ ನನ್ನದೇ. ಲಕೋಟೆಯ ಮೇಲೆ ನಿನ್ನ ಕೈಬರಹ ನೋಡಿದೆ. ನೀನು ಬೈದಿರುತ್ತೀಯ, ಅತ್ತಿರುತ್ತೀಯ, ಎರಡನ್ನೂ ನನ್ನ ಕೈಯಲ್ಲಿ ಓದಲಾಗದು ಎಂದುಕೊಂಡೆ. ಥೀಸಿಸ್ ಮುಗಿಯಲಿ, ಆಮೇಲೆ ಒಡೆಯೋಣ ಎಂದು ಟ್ರಂಕಿನ ತಳದಲ್ಲಿ, ಅಮ್ಮಿ ಕೊಟ್ಟ ಸೀರೆಯ ಮಡಿಕೆಯೊಳಗೆ ಇಟ್ಟೆ. ಥೀಸಿಸ್ ಮುಗಿಯಿತು. ಒಡೆಯಲಿಲ್ಲ. ಆಮೇಲಾಮೇಲೆ ಅಲ್ಲಿ ಪತ್ರವಿರುವುದನ್ನು ಮರೆಯುವುದು ಅಭ್ಯಾಸವಾಯಿತು.

ಮೊನ್ನೆ ಒಡೆದೆ. ಅಂಟು ಒಣಗಿ ತಾನಾಗಿಯೇ ಬಿಟ್ಟುಕೊಂಡಿತು. ನೀನು ಏನು ಬರೆದಿದ್ದೆಯೋ ನಿನಗೆ ನೆನಪಿರಬಹುದು. ಆದರೂ ಇಲ್ಲಿ ಎತ್ತಿ ಬರೆಯುತ್ತೇನೆ. ನಾನು ಅದನ್ನು ನನ್ನ ಕೈಯಿಂದಲೇ ಬರೆಯಬೇಕು.

'ಪ್ರೀತಿಯ ಫರ್ಹಾ, ಇಲ್ಲಿ ಕಂಪ್ಯೂಟರ್ ಇಲ್ಲ. ಎರಡೂ ಪ್ರೋಗ್ರಾಮುಗಳ ಪ್ರಿಂಟ್ ತಂದಿದ್ದೆನಲ್ಲ, ಶಾಲೆ ಬಿಟ್ಟ ಮೇಲೆ ದಿನಾ ಪೆನ್ಸಿಲ್ ಹಿಡಿದು ಕೂತು, ಯಂತ್ರ ಲೆಕ್ಕ ಮಾಡುವ ಹಾಗೆಯೇ ಒಂದೊಂದೇ ಸಾಲು ಲೆಕ್ಕ ಮಾಡಿದೆ. ಮೊದಲು ಆರು ತಿಂಗಳು ನನ್ನದರಲ್ಲೇ ತಪ್ಪು ಹುಡುಕಿದೆ, ಸಿಗಲಿಲ್ಲ. ಆಮೇಲೆ ನಿನ್ನದನ್ನು ನೋಡಿದೆ. ಅವ್ವನ ಹೆಸರು ಕೆಯಿಂದ ಶುರುವಾಗುತ್ತದೆ, ಫರ್ಹಾ. ನೀನು ಅದನ್ನು ದಶಮಾಂಶ ಎಂದು ಹೇಳಿಲ್ಲ. ನೋಡು ಒಮ್ಮೆ. ಇದನ್ನು ಪ್ರೊಫೆಸರಿಗೆ ಬರೆದಿಲ್ಲ. ಬರೆದರೆ ನಿನ್ನ ತಪ್ಪನ್ನು ನಾನು ಹಿಡಿದುಕೊಟ್ಟ ಹಾಗಾಗುತ್ತದೆ. ನೀನೇ ಹೇಳಿದರೆ ನಿನಗೂ ಮರ್ಯಾದೆ. ಥೀಸಿಸ್ ಕೊಡಲು ಇನ್ನೂ ಸಮಯವಿದೆ, ತಿದ್ದಿಕೊಳ್ಳಬಹುದು. ನನ್ನನ್ನು ವಾಪಸ್ ಕರೆಸು ಎಂದು ಕೇಳುತ್ತಿಲ್ಲ. ನನ್ನ ಲೆಕ್ಕ ಸರಿಯಿತ್ತು ಎಂದು ಒಂದು ಸಾಲು ಬರೆ, ಸಾಕು.'

ನೀನು ಕೇಳಿದ್ದು ಒಂದೇ ಸಾಲು.

ಬೈಗುಳ ಇರುತ್ತದೆಂದು ಮುಚ್ಚಿಟ್ಟ ಕಾಗದದಲ್ಲಿ ನನ್ನನ್ನು ಉಳಿಸುವ ದಾರಿ ಇತ್ತು. ನಾನು ಹೇಗೆ ಮನುಷ್ಯಳೆನ್ನಿಸಿಕೊಳ್ಳಲಿ?

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಏಪ್ರಿಲ್ 24ಕ್ಕೆ ಇಲ್ಲಿಯೇ ಕಾಯಂ ಹುದ್ದೆಗೆ ಸಂದರ್ಶನವಿದೆ. ಪ್ರೊಫೆಸರಿಗೆ ಇನ್ನೂ ಹೇಳಿಲ್ಲ. ಹೆದರಿಕೆಯಾಗುತ್ತಿದೆ.

ಫರ್ಹಾ


ಹಾಲ್ಕುರಿಕೆ
2 ಏಪ್ರಿಲ್ 2000

ಫರ್ಹಾ,

ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಹತ್ತನೇ ತರಗತಿ ಪರೀಕ್ಷೆ ಎಂದು ನೆಪ ಹೇಳಬಹುದು. ನಿಜವೇನೆಂದರೆ ಪೆನ್ನು ತೆಗೆದರೆ ಏನು ಬರೆಯುತ್ತೇನೋ ಎಂದು ನನಗೇ ಭಯವಿತ್ತು.

ನೀನು ಓದಿ ಸುಮ್ಮನಿದ್ದೆ ಎಂದುಕೊಂಡು ಮೂರು ವರ್ಷ ಬದುಕಿದೆ. ಅದಕ್ಕೆ ಹೊಂದಿಕೊಂಡಿದ್ದೆ. ಓದಲೇ ಇಲ್ಲ ಎನ್ನುವುದು ಅದಕ್ಕಿಂತ ಕಡಿಮೆಯೋ ಹೆಚ್ಚೋ ಗೊತ್ತಾಗುತ್ತಿಲ್ಲ. ಕಳ್ಳತನವಾದರೆ ಸಿಟ್ಟು ಮಾಡಬಹುದು. ಇದಕ್ಕೆ ಏನು ಮಾಡುವುದು?

ಒಂದು ದಿನದ ಮಾತು ಹೇಳುತ್ತೇನೆ. 98ರ ಮೇ ತಿಂಗಳು. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ. ಊರಿನವರ ಗಾಡಿಯಲ್ಲಿ ನಾನೂ ಬಂದಿದ್ದೆ. ನಿಮ್ಮ ಟೈಲರ್ ಅಂಗಡಿಯ ಬೀದಿ ತಪ್ಪಿಸಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ನಿಮ್ಮ ಅಬ್ಬಾ ಬುಡನ್ ಸಾಬ್ ಎಲ್ಲಿಂದ ನೋಡಿದರೋ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಓಡಿಬಂದರು.

'ಏನವ್ವಾ ವನಿತಾ, ಅಂಗಡಿ ಮುಂದೆ ಬರಾದೇ ಬುಟ್ಬುಟ್ಟೆ? ನಿನ್ ಗೆಳತಿ ಡಾಕ್ಟ್ರಾದ್ಲು ಕಣವ್ವಾ! ಪೇಪರ್ನಾಗೆ ಫೋಟೋ ಬಂದೈತೆ. ತಗಾ, ಬಾಯಿ ತಗೀ.'

ಬೀದಿಯಲ್ಲೇ ನನ್ನ ಬಾಯಿಗೆ ಪೇಡ ಇಟ್ಟರು. ಅದು ಸುಳ್ಳಿನ ಪೇಡ ಎಂದು ನನಗೆ ಗೊತ್ತಿತ್ತು. ಅವರ ಮುಖ ನೋಡುತ್ತಾ ನುಂಗಿದೆ. 'ನಿಂಗೂ ಒಂದಿನ ಬತ್ತದೆ ಬುಡವ್ವಾ, ತೆಪ್ಪು ಎಲ್ರೂ ಮಾಡ್ತಾರೆ' ಎಂದರು. ನಾನು ತಪ್ಪು ಮಾಡಿ ವಾಪಸ್ ಬಂದವಳು ಎಂದು ನಿಮ್ಮ ಮನೆಯಲ್ಲೂ ಹೇಳಿದ್ದೀಯ ಎಂದು ಅವತ್ತು ಗೊತ್ತಾಯಿತು. ಹಾಲ್ಕುರಿಕೆ ಬರುವವರೆಗೂ ಬಸ್ಸಿನಲ್ಲಿ ನಿಂತೇ ಇದ್ದೆ. ಸೀಟು ಖಾಲಿಯಿತ್ತು, ಆದರೂ ನಿಂತಿದ್ದೆ.

ನನ್ನ ಅಪ್ಪ ಬೈಯಲಿಲ್ಲ. ಹಟ್ಟಿಯವರು ಕೇಳಿದಾಗಲೆಲ್ಲ 'ನಮ್ಮುಡ್ಗಿಗೆ ಕೈಲಾಗ್ಲಿಲ್ಲ' ಎಂದು ಅವರೇ ಹೇಳಿಬಿಡುತ್ತಿದ್ದರು. ಜನ ಮತ್ತೆ ಮತ್ತೆ ಕೆದಕಬಾರದೆಂದು, ನನ್ನನ್ನು ಕಾಪಾಡಲೆಂದೇ ಹಾಗೆ ಹೇಳುತ್ತಿದ್ದರು. ನಾನು ಹಟ್ಟಿಯಲ್ಲಿರುವುದನ್ನು ಬಿಟ್ಟು ಇಲ್ಲಿ ರೂಮು ಮಾಡಿದ್ದು ಅದಕ್ಕೇ.

'ಹೇಗೆ ಮನುಷ್ಯಳೆನ್ನಿಸಿಕೊಳ್ಳಲಿ' ಎಂದು ಕೇಳಿದ್ದೀಯ. ಒಂದೇ ಕೇಳುತ್ತೇನೆ. ಯಾವ ಕೋಣೆಯಲ್ಲಿ ನನ್ನದು ತಪ್ಪು ಎಂದೆಯೋ ಅದೇ ಕೋಣೆಯಲ್ಲಿ, ಅಷ್ಟೇ ಜನರ ಮುಂದೆ, ಅಷ್ಟೇ ಜೋರಾಗಿ ಇದನ್ನೂ ಹೇಳು. ಸಂದರ್ಶನಕ್ಕೆ ಮೊದಲು ಹೇಳು. ಆಮೇಲೆ ಹೇಳಿದರೆ ಹೇಳಿದಂತಲ್ಲ.

ವನಿತಾ


ಪುಣೆ
30 ಜೂನ್ 2000

ವನಿತಾ,

ಹೇಳಿದೆ. ಏಪ್ರಿಲ್ 17, ಸೋಮವಾರ, ಅದೇ ಕೋಣೆ. ಮುಗಿದ ಕೂಡಲೇ ಬರೆಯಬೇಕಿತ್ತು. ಆದರೆ ಏನಾಗುತ್ತದೆಂದು ತಿಳಿಯದೆ ಬರೆದರೆ ನಿನ್ನಿಂದ ಸಮಾಧಾನ ಬೇಡಿದ ಹಾಗಾಗುತ್ತಿತ್ತು.

ಮಾತು ತೊದಲಬಹುದು ಎಂದು ಎಲ್ಲವನ್ನೂ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಗಳ ಮೇಲೆ ಬರೆದುಕೊಂಡು ಹೋಗಿದ್ದೆ. ಮೊದಲ ಹಾಳೆಯಲ್ಲಿ ಎರಡು ದಿಬ್ಬದ ಹಳೆಯ ಚಿತ್ರ. ಎರಡನೆಯದರಲ್ಲಿ ಆ ಸಾಲು. ಮೂರನೆಯದರಲ್ಲಿ ಅದನ್ನು ಸರಿಮಾಡಿ ರೂಟಿನಲ್ಲಿ ಓಡಿಸಿದ ಚಿತ್ರ, ಒಂದೇ ದಿಬ್ಬ. ನಾಲ್ಕನೆಯದರಲ್ಲಿ ನೀನು 96ರಲ್ಲಿ ತೋರಿಸಿದ ಚಿತ್ರ. ಮೂರನೆಯದರ ಮೇಲೆ ನಾಲ್ಕನೆಯದನ್ನು ಇಟ್ಟೆ. ಒಂದರ ಮೇಲೊಂದು ಕೂತುಕೊಂಡಿತು.

ಪ್ರೊಫೆಸರ್ ಎದ್ದು ಬಂದು ಎರಡನೆಯ ಹಾಳೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

'ಇದು ನಿನಗೆ ಯಾವಾಗ ಗೊತ್ತಾಯಿತು?'

'ಫೆಬ್ರವರಿಯಲ್ಲಿ ಸಾರ್. ಆದರೆ ವನಿತಾಗೆ ಮೂರು ವರ್ಷದ ಹಿಂದೆಯೇ ಗೊತ್ತಿತ್ತು. ನನಗೆ ಬರೆದಿದ್ದಳು. ನಾನು ಪತ್ರ ಒಡೆಯಲಿಲ್ಲ.'

'ಒಡೆಯಲಿಲ್ಲವೇ?'

'ಇಲ್ಲ ಸಾರ್. ಅವತ್ತು ಮೂರು ಸಲ ನೋಡಿದ್ದೇನೆ ಅಂದಿದ್ದೆ. ಅದೂ ಸುಳ್ಳು.'

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಹುಡುಕಿಕೊಂಡು ಕೂತರು. 'ಆ ಹುಡುಗಿ ಇನ್ನೊಂದು ವಾರ ಕೊಡಿ ಎಂದು ಕೇಳಿದ್ದಳು. ನಾನು ಕೊಡಲಿಲ್ಲ' ಎಂದರು. ಅಷ್ಟೇ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿದರು. ನೀನು ಸಮಯ ಕೇಳಿದ್ದು ನನಗೆ ಗೊತ್ತಿರಲಿಲ್ಲ, ವನಿತಾ. ನನಗೆ ಗೊತ್ತಿಲ್ಲದ್ದು ಇನ್ನೂ ಎಷ್ಟಿದೆಯೋ.

ಪ್ರಬಂಧವನ್ನು ವಾಪಸ್ ತೆಗೆದುಕೊಂಡಿದ್ದಾರೆ. ತಿದ್ದುಪಡಿಯ ಟಿಪ್ಪಣಿಯಲ್ಲಿ ತಪ್ಪು ಹಿಡಿದವರು ಎಂದು ನಿನ್ನ ಹೆಸರಿದೆ. ನನ್ನನ್ನು ಸಂದರ್ಶನಕ್ಕೆ ಕರೆಯಲಿಲ್ಲ. ಡಿಗ್ರಿ ಏನಾಗುತ್ತದೋ ವಿಶ್ವವಿದ್ಯಾಲಯ ಹೇಳಬೇಕು. ಡಿಸೆಂಬರಿನವರೆಗೆ ಇಲ್ಲಿ ಕೂತು ಎಲ್ಲವನ್ನೂ ಮೊದಲಿನಿಂದ ಮಾಡು ಎಂದಿದ್ದಾರೆ. ಅಬ್ಬಾಗೂ ಫೋನ್ ಮಾಡಿ ಹೇಳಿದೆ. 'ಆ ಹುಡ್ಗೀಗೆ ನಾನೇ ಪೇಡ ತಿನ್ಸಿದ್ನಲ್ಲೇ' ಎಂದು ಫೋನ್ ಇಟ್ಟರು. ಆಮೇಲೆ ಮೂರು ಸಲ ಮಾಡಿದೆ, ಎತ್ತಲಿಲ್ಲ.

ಇದರ ಜೊತೆ ಒಂದು ಸಿ.ಡಿ. ಇಟ್ಟಿದ್ದೇನೆ. ಅದರಲ್ಲಿ ರೂಟ್ ಇದೆ, ಅದು ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತದೆ. ಜೊತೆಗೆ ಪ್ರೊಫೆಸರನ್ನು ಕೇಳಿ ಹಾಕಿದ ಸ್ವಲ್ಪ ಡೇಟಾ, ಎರಡು ಲಕ್ಷ ಡಿಕ್ಕಿಗಳು. ನನ್ನ ಪ್ರೋಗ್ರಾಮನ್ನು ಬೇಕೆಂದೇ ಹಾಕಿಲ್ಲ. ನೀನೇ ಬರೆದು ನೋಡು. ನನ್ನ ಮಾತಿನ ಮೇಲೆ ಯಾರೂ ಯಾವುದನ್ನೂ ನಂಬುವುದು ಬೇಡ.

ಫರ್ಹಾ


ಹಾಲ್ಕುರಿಕೆ
20 ಆಗಸ್ಟ್ 2000

ಫರ್ಹಾ,

ಸಿ.ಡಿ. ತಲುಪಿತು. ನಮಗೆ ಬಿ.ಎಸ್ಸಿ.ಯಲ್ಲಿ ಪಾಠ ಹೇಳಿದ ಹನುಮಂತರಾಯ ಮೇಷ್ಟ್ರನ್ನು ಕೇಳಿದೆ. ಈಗ ಕಾಲೇಜಿನ ಕಂಪ್ಯೂಟರ್ ಲ್ಯಾಬು ಅವರದೇ ಸುಪರ್ದಿ. ಭಾನುವಾರ ಬಾ ಎಂದರು. ಲಿನಕ್ಸ್ ಹಾಕುವುದಕ್ಕೇ ಎರಡು ಭಾನುವಾರ ಹೋಯಿತು. ಸಿ ಪ್ಲಸ್ ಪ್ಲಸ್ ಕಲಿಯಲು ಇನ್ನೂ ಮೂರು. ಕೈ ತುಕ್ಕು ಹಿಡಿದಿದೆ. ಒಂದು ಸೆಮಿಕೋಲನ್ನಿಗಾಗಿ ಅರ್ಧ ದಿನ ಹುಡುಕಿದ್ದೇನೆ.

ಆರನೆಯ ಭಾನುವಾರ ಓಡಿತು. ಮೊದಲು ಒಂದರಿಂದ ಗುಣಿಸಿದೆ. ಎರಡು ದಿಬ್ಬ ಬಂದವು. ಆಮೇಲೆ 1.04 ಎಂದು ಟೈಪ್ ಮಾಡಿ ಓಡಿಸಿದೆ. ಹೊಸ ಚಿತ್ರ ಬಂದಾಗ ಒಂದೇ ಇತ್ತು. ಮೇಷ್ಟ್ರು ಹಿಂದೆ ನಿಂತಿದ್ದರು. 'ಇಷ್ಟೇನೇನಮ್ಮಾ?' ಎಂದರು. 'ಇಷ್ಟೇ ಸಾರ್' ಎಂದೆ. ಹೋಗಿ ಎರಡು ಲೋಟ ಕಾಫಿ ತಂದರು.

ಎರಡೂ ಚಿತ್ರ ಪ್ರಿಂಟ್ ಮಾಡಿಸಿಕೊಂಡು ಹುಳಿಯಾರಿನ ಬಸ್ಸು ಹತ್ತಿ ಹಟ್ಟಿಗೆ ಹೋದೆ. ಅಪ್ಪ ಕುರಿ ರೊಪ್ಪದ ಮುಂದೆ ಕೂತು ಕುರಿಯ ಗೊರಸು ನೋಡುತ್ತಿದ್ದರು. ಎರಡೂ ಹಾಳೆ ಮುಂದಿಟ್ಟೆ. ಅವರಿಗೆ ಓದು ಬಾರದು, ನಿನಗೆ ಗೊತ್ತು.

'ಇದ್ರಾಗೆ ಎಲ್ಡು ಗುಡ್ಡ ಅವೆ. ಇದ್ರಾಗೆ ಒಂದೈತೆ. ಏನವ್ವಾ ಇದು?'

'ನನ್ನನ್ನ ಮನೆಗೆ ಕಳಿಸಿದ್ರಲ್ಲಪ್ಪಾ, ಇದಕ್ಕೇ.'

'ದಿಟವಾಗ್ಲೂ ಇರಾದೆಷ್ಟು?'

'ಒಂದೇ.'

'ನೀನು ಎಷ್ಟು ಅಂದಿದ್ದೆ?'

'ಒಂದೇ ಅಂದಿದ್ದೆ.'

'ಅವ್ರು?'

'ಎರಡು ಅಂದ್ರು. ಈಗ ತಪ್ಪಾಯ್ತು ಅಂತ ಬರೆದವ್ರೆ.'

ಅಪ್ಪ ಕುರಿಯ ಕಾಲು ಬಿಟ್ಟರು. ಹಾಗೆ ಅವರ ಮುಖ ನಾನು ಯಾವತ್ತೂ ನೋಡಿರಲಿಲ್ಲ ಫರ್ಹಾ. ಹೊಡೆತ ತಿಂದವರ ಹಾಗೆ ಬಾಯಿ ಸ್ವಲ್ಪ ತೆರೆದೇ ಇತ್ತು.

'ನಾನು ಹಟ್ಟಿಯೋರ್ ಮುಂದೆಲ್ಲಾ ನಿಂಗೆ ಕೈಲಾಗ್ಲಿಲ್ಲ ಅಂದ್ಬುಟ್ನಲ್ಲವ್ವಾ. ನಿನ್ನ ಒಂದು ಮಾತು ಕೇಳ್ಲಿಲ್ವಲ್ಲಾ.'

'ಹೋಗ್ಲಿ ಬುಡಪ್ಪಾ.'

'ಬುಡಾದೇನು? ನಾನು ಆಡಿದ್ ಮಾತು ಅದು.'

ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರು. ಹಿಂದೆ ಹೋದೆ. ಮೊದಲು ಸಣ್ಣತಿಮ್ಮಯ್ಯನ ಮನೆ. ಬಾಗಿಲಲ್ಲೇ ನಿಂತು, 'ನಮ್ಮುಡ್ಗಿ ಲೆಕ್ಕ ಸರಿಯಾಗೇ ಇತ್ತು ಕಣ್ಲಾ. ತೆಪ್ಪು ಅವ್ರುದು. ನಾನೇ ತಿಳೀದೆ ಬೇರೆ ಅಂದಿದ್ದೆ' ಎಂದರು. ಸಣ್ಣತಿಮ್ಮಯ್ಯ ಯಾವ ಲೆಕ್ಕ ಎಂದು ನನ್ನ ಮುಖ ನೋಡಿದ. ಆಮೇಲೆ ಸಿದ್ದಮ್ಮನ ಮನೆ. ಆಮೇಲೆ ಪಕ್ಕದ್ದು. ಹಟ್ಟಿಯಲ್ಲಿ ಹತ್ತೊಂಬತ್ತು ಮನೆ. ಅಪ್ಪ ಹತ್ತೊಂಬತ್ತಕ್ಕೂ ಹೋದರು. ಅರ್ಧ ಜನಕ್ಕೆ ನಾನು ಯಾಕೆ ವಾಪಸ್ ಬಂದಿದ್ದೆ ಎನ್ನುವುದೇ ಮರೆತುಹೋಗಿತ್ತು. ಒಬ್ಬರು ಮಜ್ಜಿಗೆ ಕೊಟ್ಟರು. ಇನ್ನೊಬ್ಬರು ಮದುವೆ ಯಾವಾಗ ಎಂದರು. ಅಪ್ಪ ಪ್ರತಿ ಬಾಗಿಲಲ್ಲೂ ಅದೇ ಮಾತು ಪೂರ್ತಿ ಹೇಳಿ ಮುಂದಕ್ಕೆ ನಡೆದರು. ಹನ್ನೆರಡನೆಯ ಮನೆಯ ಮುಂದೆ ನನಗೆ ಅಳು ಬಂತು. ನಾಲ್ಕು ವರ್ಷದಲ್ಲಿ ಬಂದಿರಲಿಲ್ಲ.

ನಾನು ಆ ವಿಷಯಕ್ಕೆ ಅಂಟಿಕೊಂಡು ಬದುಕಿದ್ದೆ, ಊರು ಯಾವತ್ತೋ ಬಿಟ್ಟಿತ್ತು. ಅದೂ ಒಂದು ಆಘಾತವೇ.

ಹೋದ ವಾರ ಬುಡನ್ ಸಾಬರ ಅಂಗಡಿಗೂ ಹೋಗಿದ್ದೆ. ನನ್ನನ್ನು ನೋಡಿ ಎದ್ದು ನಿಂತರು. ಒಂದು ರವಿಕೆ ಬಟ್ಟೆ ಕೊಟ್ಟು ಹೊಲಿಯಿರಿ ಎಂದೆ. ತೆಗೆದುಕೊಂಡರು. ನೀನು ಫೋನ್ ಮಾಡಿದರೆ ಎತ್ತಿ ಎಂದೂ ಹೇಳಿದೆ.

ಪ್ರೊಫೆಸರ್ ನನಗೆ ಬರೆದಿದ್ದಾರೆ. ಫೆಲೋಶಿಪ್ ಮತ್ತೆ ಕೊಡುತ್ತೇವೆ, ಬಾ ಎಂದು. ಮೂರು ದಿನ ಯೋಚಿಸಿ ಒಪ್ಪಿದೆ. ಒಂದು ಷರತ್ತು ಹಾಕಿದ್ದೇನೆ. ಇನ್ನು ಮೇಲೆ ಯಾವುದೇ ಲೆಕ್ಕವಾದರೂ ಇಬ್ಬರು ಬೇರೆಬೇರೆ ಕೂತು ಬೇರೆಬೇರೆ ಪ್ರೋಗ್ರಾಮು ಬರೆಯಬೇಕು, ಹೊಂದದಿದ್ದರೆ ಹೊಂದುವವರೆಗೂ ಯಾರನ್ನೂ ಮನೆಗೆ ಕಳಿಸಬಾರದು. ಅವರು ಒಪ್ಪಿದ್ದಾರೆ. ಎರಡನೆಯ ಪ್ರೋಗ್ರಾಮು ಬರೆಯುವವರು ಯಾರು ಎಂದು ಕೇಳಿದ್ದಾರೆ. ನಿನ್ನ ಹೆಸರು ಬರೆದಿದ್ದೇನೆ. ಗೆಳತಿ ಎಂದಲ್ಲ. ಇನ್ನು ಮೇಲೆ ನೋಡದೆಯೇ 'ನೋಡಿದ್ದೇನೆ' ಎನ್ನಲು ನಿನಗೆ ಬಾಯಿ ಬರುವುದಿಲ್ಲ ಎಂದು.

ನನ್ನ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಹೇಳಲಾರೆ. ಅಕ್ಟೋಬರ್ 15ರಂದು ತಿಪಟೂರಿನಲ್ಲಿ ರೈಲು ಹತ್ತುತ್ತೇನೆ, ಮಾರನೆಯ ದಿನ ಅಲ್ಲಿರುತ್ತೇನೆ. ಅವತ್ತು ಪುಣೆ ಬಿಟ್ಟು ಬಂದಾಗ ಸ್ಟೇಷನ್ನಿಗೆ ಯಾರೂ ಬಂದಿರಲಿಲ್ಲ. ಈ ಸಲ ಸಾಮಾನು ಜಾಸ್ತಿಯಿದೆ. ಬರುತ್ತೀಯಾ?

ವನಿತಾ